ವಿದೇಶದಲ್ಲಿ ವಿವಾಹ: ಅಪೊಸ್ಟಿಲ್ ಮುದ್ರೆಗೆ ಮುನ್ನ ತಾಲ್ಲೂಕು ಕಚೇರಿಯ ಕಡತ ನೋಡಿ

(ನಮ್ಮ ವರದಿಗಾರರಿಂದ)

ಪಾಂಡವಪುರ: ಕೃಷ್ಣರಾಜಪೇಟೆ ತಾಲ್ಲೂಕಿನ ಹಳ್ಳಿಯೊಂದರ ಯುವತಿ ಉದ್ಯೋಗನಿಮಿತ್ತ ನೆದರ್ಲೆಂಡ್ಸ್‌ಗೆ ತೆರಳಿ, ಅಲ್ಲಿಯೇ ಸಹೋದ್ಯೋಗಿಯೊಬ್ಬನನ್ನು ವರಿಸಲು ನಿಶ್ಚಯಿಸಿದ್ದಾಳೆ ಎಂದಿಟ್ಟುಕೊಳ್ಳೋಣ. ಎರಡೂ ಕಡೆಯ ಹಿರಿಯರು ಒಪ್ಪಿದ್ದಾರೆ. ಆದರೆ ಆಕೆ ನೆಲೆಸಿರುವ ನಗರದ ಸ್ಥಳೀಯ ಆಡಳಿತ ಎರಡು ಕಾಗದಗಳನ್ನು ಕೇಳುತ್ತದೆ. ಒಂದು, ಜನನ ಪ್ರಮಾಣಪತ್ರ. ಇನ್ನೊಂದು, ಆಕೆ ಅವಿವಾಹಿತೆ ಎಂಬುದಕ್ಕೆ ಆಧಾರ. ಎರಡರ ಮೇಲೂ ಭಾರತ ಸರ್ಕಾರದ 'ಅಪೊಸ್ಟಿಲ್' ಇರಬೇಕು. ಊರಿಗೆ ದೂರವಾಣಿ ಕರೆ ಬರುತ್ತದೆ. ತಂದೆ ಟ್ರಂಕು ತೆಗೆದು ಹುಡುಕಿದರೆ ಸಿಗುವುದು ಲ್ಯಾಮಿನೇಷನ್ ಮಾಡಿಸಿಟ್ಟ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಜನನ ಪ್ರಮಾಣಪತ್ರ ಇಲ್ಲವೇ ಇಲ್ಲ. ಇದುವರೆಗೆ ಅದನ್ನು ಯಾರೂ ಕೇಳಿರಲಿಲ್ಲ.

ಮದುವೆಗೆ ಇನ್ನೆರಡು ತಿಂಗಳಿದೆ ಎನ್ನುವಾಗ ಇಂತಹ ಕರೆ ಬಂದರೆ ಮನೆಯವರು ಮೊದಲು ಮಾಡುವುದು ಬೆಂಗಳೂರಿನಲ್ಲಿ ಏಜೆಂಟರನ್ನು ಹುಡುಕುವ ಕೆಲಸ. ಮುದ್ರೆ ಹಾಕಿಸಿಕೊಡುತ್ತೇವೆ ಎನ್ನುವ ಜಾಹೀರಾತುಗಳಿಗೆ ಕೊರತೆಯಿಲ್ಲ. ವಾಸ್ತವವಾಗಿ ಈ ಇಡೀ ಪ್ರಕ್ರಿಯೆಯಲ್ಲಿ ಮುದ್ರೆ ಹಾಕಿಸುವುದೇ ಅತಿ ಸುಲಭದ ಭಾಗ. ಮುದ್ರೆ ಬೀಳಬೇಕಾದ ಕಾಗದವನ್ನು ಸರಿಪಡಿಸಿಕೊಳ್ಳುವುದು ಕಷ್ಟದ ಭಾಗ. ಅದು ನಡೆಯುವುದು ದೆಹಲಿಯಲ್ಲಲ್ಲ, ಬೆಂಗಳೂರಿನಲ್ಲೂ ಅಲ್ಲ. ತಾಲ್ಲೂಕು ಕಚೇರಿಯಲ್ಲಿ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಮತ್ತು ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ.

ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳು ಎರಡು ಕಂದಾಯ ಉಪವಿಭಾಗಗಳಲ್ಲಿ ಹಂಚಿಹೋಗಿವೆ. ಮಂಡ್ಯ, ಮದ್ದೂರು, ಮಳವಳ್ಳಿ ಒಂದರಲ್ಲಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲ ಇನ್ನೊಂದರಲ್ಲಿ. ಎರಡನೆಯದರ ಕೇಂದ್ರಸ್ಥಾನ ಪಾಂಡವಪುರ. ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಪಾಂಡವಪುರದ ಉಪವಿಭಾಗಾಧಿಕಾರಿಯೇ ಉಪವಿಭಾಗೀಯ ದಂಡಾಧಿಕಾರಿಯೂ ಹೌದು. ಜಮೀನು ವ್ಯಾಜ್ಯಗಳಿಗೆಂದು ಜನ ಅಲೆಯುವ ಕಚೇರಿಗೂ ಹೊರದೇಶದ ಮದುವೆಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ, ಮುಂದೆ ನೋಡೋಣ.

ಮುದ್ರೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

ಒಂದು ದೇಶದ ಸರ್ಕಾರಿ ಕಾಗದವನ್ನು ಇನ್ನೊಂದು ದೇಶದ ಅಧಿಕಾರಿ ನಂಬುವುದು ಹೇಗೆ? ನಾಗಮಂಗಲದ ನೋಂದಣಾಧಿಕಾರಿಯ ಸಹಿ ಹೇಗಿರುತ್ತದೆಂದು ರೋಮ್ ನಗರದ ಗುಮಾಸ್ತನಿಗೆ ತಿಳಿಯುವ ಸಾಧ್ಯತೆಯಿಲ್ಲ. ಹಿಂದೆ ಇದಕ್ಕೆ ಸಹಿಗಳ ಉದ್ದನೆಯ ಸರಪಳಿಯೇ ಬೇಕಿತ್ತು. ಕೆಳಗಿನ ಅಧಿಕಾರಿಯ ಸಹಿಯನ್ನು ರಾಜ್ಯ ಸರ್ಕಾರ, ರಾಜ್ಯದ ಸಹಿಯನ್ನು ವಿದೇಶಾಂಗ ಸಚಿವಾಲಯ, ಸಚಿವಾಲಯದ ಸಹಿಯನ್ನು ಆ ದೇಶದ ರಾಯಭಾರ ಕಚೇರಿ, ಅದರ ಸಹಿಯನ್ನು ಆ ದೇಶದ ವಿದೇಶಾಂಗ ಇಲಾಖೆ ದೃಢೀಕರಿಸಬೇಕಿತ್ತು. 1961ರ ಅಕ್ಟೋಬರ್ 5ರಂದು ಹೇಗ್ ನಗರದಲ್ಲಿ ಆದ ಒಪ್ಪಂದ ಈ ಸರಪಳಿಯ ಕೊನೆಯ ಕೊಂಡಿಗಳನ್ನು ಕತ್ತರಿಸಿತು. ಒಪ್ಪಂದಕ್ಕೆ ಸೇರಿದ ದೇಶವೊಂದು ತನ್ನ ಕಾಗದದ ಮೇಲೆ ನಿಗದಿತ ನಮೂನೆಯ ದೃಢೀಕರಣವನ್ನು ಅಂಟಿಸಿದರೆ, ಉಳಿದ ಸದಸ್ಯ ದೇಶಗಳು ರಾಯಭಾರ ಕಚೇರಿಯ ಮುದ್ರೆಯನ್ನು ಕೇಳುವಂತಿಲ್ಲ. ಈ ದೃಢೀಕರಣವೇ ಅಪೊಸ್ಟಿಲ್. ಭಾರತದ ಪಾಲಿಗೆ ಒಪ್ಪಂದ ಜಾರಿಗೆ ಬಂದದ್ದು 2005ರ ಜುಲೈ 14ರಂದು. ಈಗ 120ಕ್ಕೂ ಹೆಚ್ಚು ದೇಶಗಳು ಇದರಲ್ಲಿವೆ.

ಅಪೊಸ್ಟಿಲ್ ಎಂಬುದು ಫ್ರೆಂಚ್ ಪದ. ಕಾಗದದ ಅಂಚಿನಲ್ಲಿ ಬರೆಯುವ ಟಿಪ್ಪಣಿ ಎಂದರ್ಥ. ಅದರ ಶೀರ್ಷಿಕೆ ಫ್ರೆಂಚ್‌ನಲ್ಲಿಯೇ ಇರಬೇಕೆಂಬುದು ಒಪ್ಪಂದದ ನಿಯಮ. ಹೈದರಾಲಿ, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣ ಒಂದು ಕಾಲಕ್ಕೆ 'ಫ್ರೆಂಚ್ ರಾಕ್ಸ್' ಎಂದೇ ಕರೆಸಿಕೊಂಡಿದ್ದ ಪಾಂಡವಪುರಕ್ಕೆ ಈ ಭಾಷೆ ಇಷ್ಟು ವರ್ಷಗಳ ನಂತರ ಚೀಟಿಯ ರೂಪದಲ್ಲಿ ಮರಳಿರುವುದು ಕುತೂಹಲದ ಸಂಗತಿ.

ಇಲ್ಲಿ ಓದುಗರು ಗಮನಿಸಲೇಬೇಕಾದ ಅಂಶವೊಂದಿದೆ. ಅಪೊಸ್ಟಿಲ್ ಹೇಳುವುದು ಇಷ್ಟೇ: ಈ ಕಾಗದದ ಮೇಲಿರುವ ಸಹಿ ಇಂತಹ ಅಧಿಕಾರಿಯದು, ಆ ಅಧಿಕಾರಿಗೆ ಸಹಿ ಮಾಡುವ ಅಧಿಕಾರವಿತ್ತು, ಮುದ್ರೆ ಅಸಲಿ. ಕಾಗದದಲ್ಲಿ ಬರೆದಿರುವುದು ನಿಜವೇ ಎಂಬುದನ್ನು ಅದು ಹೇಳುವುದಿಲ್ಲ. ವಿದೇಶಾಂಗ ಸಚಿವಾಲಯ ತನ್ನ ಬಳಿಯಿರುವ ಮಾದರಿ ಸಹಿಯೊಂದಿಗೆ ರಾಜ್ಯದ ಅಧಿಕಾರಿಯ ಸಹಿಯನ್ನು ಹೋಲಿಸಿ ನೋಡುತ್ತದೆ. ಒಳಗಿನ ವಿವರಗಳಿಗೆ ತಾನು ಹೊಣೆಯಲ್ಲ ಎಂದು ಸ್ಪಷ್ಟವಾಗಿಯೇ ತಿಳಿಸಿದೆ. ಹೀಗಾಗಿ ತಂದೆಯ ಹೆಸರು ತಪ್ಪಾಗಿರುವ ಜನನ ಪ್ರಮಾಣಪತ್ರಕ್ಕೂ ಅಪೊಸ್ಟಿಲ್ ಸಿಗುತ್ತದೆ. ತಪ್ಪು ಗೊತ್ತಾಗುವುದು ಹೊರದೇಶದ ಗುಮಾಸ್ತ ಅದನ್ನು ಪಾಸ್‌ಪೋರ್ಟಿನ ಪಕ್ಕದಲ್ಲಿಟ್ಟು ಓದಿದಾಗ. ಅಷ್ಟರಲ್ಲಿ ಕಲ್ಯಾಣ ಮಂಟಪಕ್ಕೆ ಮುಂಗಡ ಕೊಟ್ಟಾಗಿರುತ್ತದೆ.

ಜನನ ನೋಂದಣಿ ಎಂಬ ಮೊದಲ ಗಂಟು

ಪಾಸ್‌ಪೋರ್ಟ್ ಇದ್ದ ಮೇಲೆ ಜನನ ಪ್ರಮಾಣಪತ್ರವೂ ಇರಲೇಬೇಕು ಎಂಬುದು ಹೊರದೇಶದವರ ಎಣಿಕೆ. ನಮ್ಮಲ್ಲಿ ಹಾಗಿಲ್ಲ. ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ಆಧಾರ ಎಂಬ ನಿಯಮ 2023ರ ಅಕ್ಟೋಬರ್ 1ರಂದು ಅಥವಾ ಆ ಬಳಿಕ ಹುಟ್ಟಿದವರಿಗೆ ಮಾತ್ರ. ಅದಕ್ಕೂ ಹಿಂದಿನವರು ಶಾಲಾ ದಾಖಲೆ, ಅಂಕಪಟ್ಟಿ ಮುಂತಾದವುಗಳನ್ನು ತೋರಿಸಿ ಪಾಸ್‌ಪೋರ್ಟ್ ಪಡೆಯಬಹುದು. ಇಂದು ಮದುವೆಯ ವಯಸ್ಸಿನಲ್ಲಿರುವವರೆಲ್ಲ ಈ ಗುಂಪಿನವರೇ. ಹೆರಿಗೆ ಮನೆಯಲ್ಲಿ ಆಗಿದ್ದರೆ, ಅಥವಾ ರೂಢಿಯಂತೆ ತಾಯಿಯ ತವರೂರಿನಲ್ಲಿ ಆಗಿದ್ದರೆ, ನೋಂದಣಿ ಆಗಿದೆಯೇ, ಆಗಿದ್ದರೆ ಎಲ್ಲಿ ಎಂಬುದೇ ಮನೆಯವರಿಗೆ ಗೊತ್ತಿರುವುದಿಲ್ಲ.

ಕಾಯ್ದೆಯ ಪ್ರಕಾರ ಜನನ ನೋಂದಣಿ ಆಗುವುದು ಮಗು ಹುಟ್ಟಿದ ಸ್ಥಳದಲ್ಲಿ, ತಂದೆಯ ಊರಿನಲ್ಲಲ್ಲ. ನಾಗಮಂಗಲದ ಹುಡುಗಿ ತಾಯಿಯ ತವರಾದ ಹಾಸನ ಜಿಲ್ಲೆಯಲ್ಲಿ ಹುಟ್ಟಿದ್ದರೆ ನಾಗಮಂಗಲದಲ್ಲಿ ಎಷ್ಟು ಹುಡುಕಿದರೂ ಪ್ರಯೋಜನವಿಲ್ಲ. ಆದ್ದರಿಂದ ಮೊದಲು ಅಜ್ಜಿಯನ್ನೋ ಸೋದರಮಾವನನ್ನೋ ಕೇಳಿ ಹುಟ್ಟಿದ ಊರನ್ನೂ ಆಸ್ಪತ್ರೆಯನ್ನೂ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಅರ್ಜಿ ಬರೆಯುವುದು ಆ ನಂತರದ ಮಾತು. ಗ್ರಾಮಾಂತರ ಭಾಗಗಳಲ್ಲಿ ಬಹುಕಾಲ ಈ ದಾಖಲೆ ಬರೆದವರು ಗ್ರಾಮ ಲೆಕ್ಕಿಗರು, ಅಂದರೆ ಈಗಿನ ಗ್ರಾಮ ಆಡಳಿತ ಅಧಿಕಾರಿಗಳು. ಹಳೆಯ ವರ್ಷಗಳ ಪುಸ್ತಕಗಳಿಗೆ ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ವಿಚಾರಿಸಬೇಕು. ಪಟ್ಟಣದೊಳಗೆ ಹುಟ್ಟಿದ್ದರೆ ಪುರಸಭೆಯಲ್ಲಿ.

ಹುಡುಕಿದಾಗ ಸಾಮಾನ್ಯವಾಗಿ ಮೂರರಲ್ಲಿ ಒಂದು ಸಂಗತಿ ಎದುರಾಗುತ್ತದೆ.

ನಮೂದು ಸರಿಯಾಗಿದ್ದರೆ ಹೊಸ ಪ್ರತಿಯನ್ನು ಪಡೆದುಕೊಂಡರಾಯಿತು. ಮನೆಯಲ್ಲಿ ಹಳೆಯ ಕೈಬರಹದ ಪ್ರತಿ ಇದ್ದರೂ ಹೊಸದಾಗಿ ಪಡೆಯುವುದೇ ಲೇಸು. ಇಪ್ಪತ್ತೈದು ವರ್ಷಗಳ ಹಿಂದೆ ಸಹಿ ಹಾಕಿದ ಅಧಿಕಾರಿ ನಿವೃತ್ತರಾಗಿ ಯಾವ ಕಾಲವಾಯಿತೋ! ಅವರ ಸಹಿಯನ್ನು ಹೋಲಿಸಿ ನೋಡಲು ಮೇಲಿನ ಕಚೇರಿಯಲ್ಲಿ ಮಾದರಿ ಇರುವುದಿಲ್ಲ. ಈಗಿನ ಗಣಕೀಕೃತ ಪ್ರಮಾಣಪತ್ರಗಳಲ್ಲಿ ಕನ್ನಡದ ಜೊತೆಗೆ ಇಂಗ್ಲಿಷ್ ಕೂಡ ಇರುವುದರಿಂದ ಭಾಷಾಂತರದ ತಲೆನೋವೂ ಕಡಿಮೆ.

ನಮೂದು ಇದೆ, ಆದರೆ ಮಗುವಿನ ಹೆಸರೇ ಇಲ್ಲ ಎಂಬುದು ಎರಡನೆಯ ಸಂಗತಿ. ನಾಮಕರಣಕ್ಕೆ ಮುಂಚೆಯೇ ನೋಂದಣಿಯಾಗಿದ್ದರೆ ಪುಸ್ತಕದಲ್ಲಿ 'ಹೆಣ್ಣು ಮಗು' ಎಂದಷ್ಟೇ ಇರುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಕಲಮಿನ ಅಡಿ ಹೆಸರನ್ನು ನಂತರ ಸೇರಿಸಲು ಅವಕಾಶವಿದೆ. ಮೊದಲ 12 ತಿಂಗಳು ಉಚಿತ, ಆ ಬಳಿಕ ವಿಳಂಬ ಶುಲ್ಕದೊಂದಿಗೆ 15 ವರ್ಷಗಳವರೆಗೆ ಎಂಬುದು ನಿಯಮಗಳ ಸಾಮಾನ್ಯ ಮಿತಿ. ಮದುವೆಯ ವಯಸ್ಸಿನವರು ಆ ಗೆರೆಯನ್ನು ದಾಟಿರುತ್ತಾರೆ. ಅಂಥವರು ಏಜೆಂಟರ ಮಾತು ಕೇಳಿ ಕೂರದೆ ನೋಂದಣಾಧಿಕಾರಿಗಳಿಗೆ ಲಿಖಿತ ಅರ್ಜಿ ಸಲ್ಲಿಸಿ, ಉತ್ತರವನ್ನೂ ಲಿಖಿತವಾಗಿಯೇ ಪಡೆಯಬೇಕು. ಬರೆದಿರುವ ವಿವರ ತಪ್ಪಾಗಿದ್ದರೆ 15ನೇ ಕಲಮು ನೆರವಿಗೆ ಬರುತ್ತದೆ. ನೋಂದಣಾಧಿಕಾರಿ ಮೂಲ ನಮೂದನ್ನು ಅಳಿಸುವಂತಿಲ್ಲ. ಅಂಚಿನಲ್ಲಿ ತಿದ್ದುಪಡಿಯನ್ನು ಬರೆದು, ಸಹಿ ಮಾಡಿ, ದಿನಾಂಕ ಹಾಕಬೇಕು.

ನಮೂದೇ ಇಲ್ಲದಿರುವುದು ಮೂರನೆಯ ಸಂಗತಿ. ಪಾಂಡವಪುರದ ಕಚೇರಿ ಪ್ರವೇಶಿಸುವುದು ಇಲ್ಲಿ. ಒಂದು ವರ್ಷ ಮೀರಿದ ಜನನವನ್ನು ನೋಂದಾಯಿಸಲು ಮೊದಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಿತ್ತು; ಪ್ರಥಮ ದರ್ಜೆ ದಂಡಾಧಿಕಾರಿಗಳ ಆದೇಶ ಬೇಕಿತ್ತು, ವಕೀಲರನ್ನು ಹಿಡಿಯಬೇಕಿತ್ತು. ಸಂಸತ್ತು 2023ರಲ್ಲಿ ಅಂಗೀಕರಿಸಿದ ತಿದ್ದುಪಡಿ ಈ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿಯಿಂದ ಅಧಿಕೃತಗೊಂಡ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ವರ್ಗಾಯಿಸಿತು. 2023ರ ಅಕ್ಟೋಬರ್ 1ರಿಂದ ಅದು ಜಾರಿಯಲ್ಲಿದೆ. ನಾಲ್ಕು ತಾಲ್ಲೂಕುಗಳ ಯಾವ ಹಳ್ಳಿಯಲ್ಲಿ ಹುಟ್ಟಿದ್ದರೂ ಉಪವಿಭಾಗೀಯ ದಂಡಾಧಿಕಾರಿ ಎಂದರೆ ಪಾಂಡವಪುರದ ಉಪವಿಭಾಗಾಧಿಕಾರಿ.

ಅರ್ಜಿಯ ಜೊತೆ ಏನಿರಬೇಕು? ಮೊದಲನೆಯದಾಗಿ, ಆ ವರ್ಷದ ಪುಸ್ತಕದಲ್ಲಿ ಹುಡುಕಿದಾಗ ನಮೂದು ಸಿಗಲಿಲ್ಲ ಎಂದು ನೋಂದಣಾಧಿಕಾರಿ ಕೊಡುವ ಅಲಭ್ಯತಾ ಪ್ರಮಾಣಪತ್ರ. ಅದರೊಂದಿಗೆ ಶಾಲಾ ದಾಖಲಾತಿಯ ಪ್ರತಿ, ಅಂಕಪಟ್ಟಿ, ಸಿಕ್ಕರೆ ಆಸ್ಪತ್ರೆಯ ದಾಖಲೆ ಅಥವಾ ತಾಯಿ ಕಾರ್ಡ್, ತಂದೆ ತಾಯಿಯ ಪ್ರಮಾಣಿತ ಹೇಳಿಕೆ. ಅಧಿಕಾರಿ ಜನನದ ಸತ್ಯಾಸತ್ಯತೆಯನ್ನು ವಿಚಾರಿಸಿಯೇ ಆದೇಶ ನೀಡಬೇಕೆಂದು ಕಾಯ್ದೆ ಹೇಳುತ್ತದೆ. ಹೀಗಾಗಿ ಸ್ಥಳ ಪರಿಶೀಲನೆಗೆಂದು ಕಡತ ತಾಲ್ಲೂಕಿಗೆ ಇಳಿದು ಮತ್ತೆ ಮೇಲೇರಬಹುದು. ಇದಕ್ಕೆ ಹಿಡಿಯುವ ಕಾಲವೇ ಒಟ್ಟು ಓಡಾಟದಲ್ಲಿ ದೊಡ್ಡ ಪಾಲು. ಇದನ್ನು ಯಾವ ಏಜೆಂಟನೂ ಕೊರಿಯರ್ ಮೂಲಕ ಮುಗಿಸಿಕೊಡಲಾರ.

ಆದೇಶ ಸಿಕ್ಕಿತೆಂದರೆ ಎಲ್ಲ ಮುಗಿಯಿತೆಂದಲ್ಲ. ಇಪ್ಪತ್ತೆಂಟು ವರ್ಷದ ನಂತರ ನೋಂದಣಿಯಾದ ಜನನವನ್ನು ಕೆಲವು ದೇಶಗಳು ಅನುಮಾನದಿಂದಲೇ ನೋಡುತ್ತವೆ. ನೋಂದಣಿಯ ದಿನಾಂಕ ಪ್ರಮಾಣಪತ್ರದಲ್ಲಿಯೇ ಇರುತ್ತದಲ್ಲ! ಶಾಲಾ ದಾಖಲೆಯಂತಹ ಹಳೆಯ ಕಾಗದವನ್ನು ಜೊತೆಗೇ ಕಳುಹಿಸುವುದು ಕ್ಷೇಮ.

ಹೆಸರಿನ ಮುಂದಿನ ಅಕ್ಷರಗಳು

ಈ ಸೀಮೆಯಲ್ಲಿ ಕುಲನಾಮದ ರೂಢಿ ಅಷ್ಟಾಗಿಲ್ಲ. ಹೆಸರಿನ ಮುಂದೆ ಊರಿನ ಒಂದಕ್ಷರ, ತಂದೆಯ ಹೆಸರಿನ ಒಂದಕ್ಷರ. ಅಷ್ಟಕ್ಕೇ ನಾಲ್ಕು ಹಳ್ಳಿಗಳಿಗೆ ಗುರುತು ಸಿಗುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಈ ಅಕ್ಷರಗಳನ್ನು ಬಿಡಿಸಿ ಬರೆಯಬೇಕು. ಅಲ್ಲಿಗೆ ತೊಡಕು ಶುರು. ಈ ವರದಿಗಾರನ ಪಾಸ್‌ಪೋರ್ಟಿನಲ್ಲಿ ಅಜ್ಜನ ಊರಿನ ಹೆಸರೇ ಕುಲನಾಮವಾಗಿ ಕುಳಿತಿದೆ. ವಿಮಾನ ನಿಲ್ದಾಣಗಳಲ್ಲಿ ನನ್ನನ್ನು ಊರಿನ ಹೆಸರು ಹಿಡಿದೇ ಕೂಗುತ್ತಾರೆ. ನಗುವ ವಿಷಯ ನಿಜ. ಆದರೆ ಜನನ ಪ್ರಮಾಣಪತ್ರದಲ್ಲಿ ಬರಿಯ ಹೆಸರು, ಅಂಕಪಟ್ಟಿಯಲ್ಲಿ ಎರಡು ಅಕ್ಷರಗಳೊಂದಿಗೆ ಹೆಸರು, ಪಾಸ್‌ಪೋರ್ಟಿನಲ್ಲಿ ಊರು, ತಂದೆ ಎಲ್ಲರನ್ನೂ ಒಳಗೊಂಡ ಹೆಸರು ಇದ್ದರೆ ಹೊರದೇಶದ ಗುಮಾಸ್ತನ ಕಣ್ಣಿಗೆ ಅವರು ಮೂವರು ಬೇರೆ ಬೇರೆ ವ್ಯಕ್ತಿಗಳು.

ಊರಿನ ಹೆಸರಿನದೂ ಇದೇ ಕಥೆ. ಶ್ರೀರಂಗಪಟ್ಟಣಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಬಗೆಯ ಕಾಗುಣಿತವಿದೆಯೆಂದು ಲೆಕ್ಕ ಹಾಕಿದವರಿಲ್ಲ; ಬ್ರಿಟಿಷರ 'ಸೆರಿಂಗಪಟಂ' ಇನ್ನೂ ಅಲ್ಲಲ್ಲಿ ಉಳಿದಿದೆ. ಕೃಷ್ಣರಾಜಪೇಟೆ ಒಂದು ಕಾಗದದಲ್ಲಿ ಪೂರ್ಣವಾಗಿ, ಇನ್ನೊಂದರಲ್ಲಿ ಕೆ.ಆರ್.ಪೇಟೆಯಾಗಿ ಬರುತ್ತದೆ. ಮೇಲುಕೋಟೆಯೂ ಹಾಗೆಯೇ. ಹುಟ್ಟಿದ ಸ್ಥಳ ಎಂಬ ಕಲಮಿನಲ್ಲಿ ಪಾಸ್‌ಪೋರ್ಟ್ 'ಮಂಡ್ಯ' ಎನ್ನುತ್ತದೆ, ಜನನ ಪ್ರಮಾಣಪತ್ರ ಹಳ್ಳಿಯ ಹೆಸರು ಹೇಳುತ್ತದೆ.

ಎರಡೂ ಹೆಸರು ಒಬ್ಬರದೇ ಎಂದು ನೋಟರಿಯ ಮುಂದೆ ಮಾಡುವ ಅಫಿಡವಿಟ್ ಇದಕ್ಕೆ ರೂಢಿಯ ಮದ್ದು. ಕೆಲವೆಡೆ ಅದು ನಡೆಯುತ್ತದೆ, ಕೆಲವೆಡೆ ನಡೆಯುವುದಿಲ್ಲ. ಸ್ವಂತ ಹೇಳಿಕೆಗಿಂತ ಮೂಲ ದಾಖಲೆಯ ತಿದ್ದುಪಡಿಗೆ ಬೆಲೆ ಹೆಚ್ಚು. ಸಮಯವಿದ್ದವರು ತಿದ್ದುಪಡಿಯನ್ನೇ ಮಾಡಿಸಿಕೊಳ್ಳಬೇಕು.

ಅವಿವಾಹಿತರೆಂದು ಹೇಳುವವರು ಯಾರು?

ಯುರೋಪಿನ ಬಹುತೇಕ ದೇಶಗಳಲ್ಲಿ ಪ್ರತಿ ಪ್ರಜೆಯ ವಿವಾಹ ಸ್ಥಿತಿಯನ್ನು ಸರ್ಕಾರದ ದಾಖಲೆಯೇ ಹೇಳುತ್ತದೆ. ನಮ್ಮಲ್ಲಿ ಅಂತಹ ಪುಸ್ತಕವಿಲ್ಲ. ಮದುವೆಯಾದವರಲ್ಲೇ ಅನೇಕರದು ನೋಂದಣಿಯಾಗಿಲ್ಲದಿರುವಾಗ ಮದುವೆಯಾಗದವರ ಪಟ್ಟಿ ಎಲ್ಲಿಂದ ಬರಬೇಕು? ಹೀಗಾಗಿ ಇಲ್ಲಿ ಸಿಗುವುದು ಅಫಿಡವಿಟ್. ಸ್ವತಃ ವಧು ಅಥವಾ ವರ, ಕೆಲವೊಮ್ಮೆ ತಂದೆ ತಾಯಿ, ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ ನೋಟರಿಯ ಸಹಿ ಪಡೆಯುತ್ತಾರೆ. ನೋಟರಿಯ ಸಹಿಯೊಂದನ್ನೇ ನಂಬಿ ವಿದೇಶಾಂಗ ಸಚಿವಾಲಯ ಅಪೊಸ್ಟಿಲ್ ನೀಡುವುದಿಲ್ಲ. ನಡುವೆ ರಾಜ್ಯ ಸರ್ಕಾರ ಗೊತ್ತುಪಡಿಸಿದ ಅಧಿಕಾರಿಯ ದೃಢೀಕರಣ ಬೇಕು.

ಅಭ್ಯರ್ಥಿ ಈಗಾಗಲೇ ಹೊರದೇಶದಲ್ಲಿದ್ದರೆ ಇನ್ನೊಂದು ದಾರಿಯಿದೆ. ಅಲ್ಲಿನ ಭಾರತೀಯ ದೂತಾವಾಸಗಳು ಅಫಿಡವಿಟ್ ಮತ್ತಿತರ ಆಧಾರಗಳನ್ನು ನೋಡಿ ಅವಿವಾಹಿತ ಸ್ಥಿತಿಯ ಪತ್ರವನ್ನು ಕೊಡುತ್ತವೆ. ಇಟಲಿಯಂತಹ ದೇಶಗಳಲ್ಲಿ ವಿದೇಶಿ ಪ್ರಜೆ ಮದುವೆಯಾಗಬೇಕಾದರೆ ತನ್ನ ದೇಶದ ದೂತಾವಾಸದಿಂದ ನಿರಾಕ್ಷೇಪಣಾ ಪತ್ರ ತರಬೇಕು. ಊರಿನ ಅಫಿಡವಿಟ್‌ಗಾಗಿ ಓಡಾಡುವ ಮುನ್ನ ದೂತಾವಾಸವನ್ನು ವಿಚಾರಿಸಿದರೆ ಅರ್ಧ ಪ್ರಯಾಣ ಉಳಿದೀತು.

ವಿಚ್ಛೇದಿತರು ನ್ಯಾಯಾಲಯದ ಡಿಕ್ರಿಯ ದೃಢೀಕೃತ ಪ್ರತಿಯನ್ನು, ವಿಧವೆಯರು ಹಾಗೂ ವಿಧುರರು ಮರಣ ಪ್ರಮಾಣಪತ್ರವನ್ನು ಜೊತೆಗಿಡಬೇಕು. ಜೆರಾಕ್ಸ್ ಪ್ರತಿ ಎಲ್ಲಿಯೂ ನಡೆಯದು.

ದೇವಸ್ಥಾನದ ರಸೀದಿ ಸಾಲದು

ಅನೇಕ ಕುಟುಂಬಗಳು ಬೇರೆ ಕ್ರಮ ಅನುಸರಿಸುತ್ತವೆ. ಮದುವೆ ಊರಿನಲ್ಲೇ ನಡೆಯುತ್ತದೆ. ಕಾಗದ ಮಾತ್ರ ಹೊರದೇಶಕ್ಕೆ ಹೋಗುತ್ತದೆ. ಗಂಜಾಂನ ನಿಮಿಷಾಂಬ ದೇವಸ್ಥಾನದಲ್ಲೋ ಮೇಲುಕೋಟೆಯಲ್ಲೋ ಮಾಂಗಲ್ಯಧಾರಣೆ ಮುಗಿಸಿ, ದೇವಸ್ಥಾನದ ರಸೀದಿ ಮತ್ತು ಆಮಂತ್ರಣ ಪತ್ರಿಕೆ ಇದ್ದರೆ ಸಾಕೆಂದು ತಿಳಿದವರಿದ್ದಾರೆ. ಅವು ಮದುವೆ ನಡೆದುದಕ್ಕೆ ಪೂರಕ ಸಾಕ್ಷ್ಯ ಮಾತ್ರ. ಅಪೊಸ್ಟಿಲ್ ಬೀಳುವುದು ಉಪನೋಂದಣಾಧಿಕಾರಿ ಕೊಟ್ಟ ವಿವಾಹ ಪ್ರಮಾಣಪತ್ರದ ಮೇಲೆ.

ವಿವಾಹ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2006ರ ಫೆಬ್ರುವರಿ 14ರಂದು ಸೀಮಾ ವಿರುದ್ಧ ಅಶ್ವನಿ ಕುಮಾರ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೆ ನಿರ್ದೇಶನ ನೀಡಿತು. ಕರ್ನಾಟಕದಲ್ಲಿ ಅದಕ್ಕೂ ಮುಂಚೆಯೇ 1976ರ ವಿವಾಹ ನೋಂದಣಿ ಕಾಯ್ದೆ ಇತ್ತು. ಹಿಂದೂ ವಿವಾಹ ಕಾಯ್ದೆಯಡಿಯ ನೋಂದಣಿಗೆ 2024ರಿಂದ ಕಾವೇರಿ 2.0 ತಂತ್ರಾಂಶದಲ್ಲಿ ಆನ್‌ಲೈನ್ ಅರ್ಜಿಗೂ ಅವಕಾಶವಾಗಿದೆ. ವಧೂವರರು ಬೇರೆ ಬೇರೆ ಧರ್ಮದವರಾಗಿದ್ದರೆ ಅಥವಾ ಒಬ್ಬರು ವಿದೇಶಿ ಪ್ರಜೆಯಾಗಿದ್ದರೆ 1954ರ ವಿಶೇಷ ವಿವಾಹ ಕಾಯ್ದೆ ಅನ್ವಯಿಸುತ್ತದೆ. ಇಬ್ಬರಲ್ಲಿ ಒಬ್ಬರು ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದು ನೋಟಿಸ್ ಕೊಡಬೇಕು; ನೋಟಿಸ್ ಪ್ರಕಟವಾದ ಬಳಿಕ ಮತ್ತೆ 30 ದಿನ ಕಾಯಬೇಕು. ಮೂರು ವಾರದ ರಜೆಯಲ್ಲಿ ಬಂದು ಈ ಕಾಯ್ದೆಯಡಿ ಮದುವೆಯಾಗಿ ಹಿಂದಿರುಗುವುದು ಅಸಾಧ್ಯ. ಇದನ್ನು ಟಿಕೆಟ್ ಕಾದಿರಿಸಿದ ಮೇಲೆ ತಿಳಿದುಕೊಳ್ಳುವವರೇ ಹೆಚ್ಚು.

ಇಬ್ಬರಲ್ಲಿ ಒಬ್ಬರಾದರೂ ಭಾರತೀಯ ಪ್ರಜೆಯಾಗಿದ್ದರೆ ಹೊರದೇಶದ ಭಾರತೀಯ ದೂತಾವಾಸದಲ್ಲೇ ಮದುವೆಯಾಗಲು 1969ರ ವಿದೇಶಿ ವಿವಾಹ ಕಾಯ್ದೆ ಅವಕಾಶ ನೀಡುತ್ತದೆ. ವರನಿಗೆ 21, ವಧುವಿಗೆ 18 ವರ್ಷ ತುಂಬಿರಬೇಕು. ಇಲ್ಲಿಯೂ 30 ದಿನಗಳ ನೋಟಿಸ್ ಇದೆ. ಆಯಾ ದೇಶದ ಕಾನೂನು ಅಡ್ಡಬಂದರೆ ದೂತಾವಾಸ ಒಪ್ಪುವುದಿಲ್ಲವಾದ್ದರಿಂದ ಎಲ್ಲ ದೇಶಗಳಲ್ಲೂ ಈ ಸೌಲಭ್ಯ ಸಿಗದು.

ವಿಧಾನಸೌಧ, ಸಚಿವಾಲಯ, ಆಮೇಲೆ

ಕಾಗದ ಸರಿಯಾಯಿತು ಎಂದಾದ ಮೇಲಿನ ದಾರಿ ನೇರ. ಜನನ, ವಿವಾಹ, ಅಫಿಡವಿಟ್ ಮುಂತಾದ ವೈಯಕ್ತಿಕ ದಾಖಲೆಗಳಿಗೆ ರಾಜ್ಯದ ಗೃಹ ಇಲಾಖೆಯ ದೃಢೀಕರಣ. ಪದವಿ, ಅಂಕಪಟ್ಟಿಗಳಿಗೆ ಶಿಕ್ಷಣ ಇಲಾಖೆಯದು. ಬಳಿಕ ವಿದೇಶಾಂಗ ಸಚಿವಾಲಯ. ಮೊದಲು ಇದಕ್ಕೆ ಕಾಗದಗಳು ದೆಹಲಿಗೇ ಹೋಗಬೇಕಿತ್ತು. 2019ರಿಂದ ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಸಚಿವಾಲಯದ ಕಚೇರಿಗಳೇ ಈ ಕೆಲಸ ಮಾಡುತ್ತಿವೆ. ಸಾರ್ವಜನಿಕರಿಂದ ನೇರವಾಗಿ ಕಾಗದ ಪಡೆಯುವ ಪದ್ಧತಿ 2012ರಲ್ಲೇ ನಿಂತಿದೆ. ಸಚಿವಾಲಯ ನೇಮಿಸಿದ ಸೇವಾ ಸಂಸ್ಥೆಗಳ ಮೂಲಕವೇ ಸಲ್ಲಿಸಬೇಕು. ಅಪೊಸ್ಟಿಲ್‌ಗೆ ಸರ್ಕಾರಿ ಶುಲ್ಕ ಒಂದು ದಾಖಲೆಗೆ 50 ರೂಪಾಯಿ. ಸೇವಾ ಸಂಸ್ಥೆಯ ಶುಲ್ಕ ಇದಕ್ಕೆ ಸೇರುತ್ತದೆ. ಇಷ್ಟು ತಿಳಿದವರಿಗೆ, ಏಜೆಂಟ್ ಸಾವಿರಗಳಲ್ಲಿ ಹೇಳುವ ಮೊತ್ತದಲ್ಲಿ ಸರ್ಕಾರಕ್ಕೆ ಸೇರುವುದೆಷ್ಟು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಗೃಹ ಇಲಾಖೆಗೆ ಹೋಗದೆ ಉಪವಿಭಾಗೀಯ ದಂಡಾಧಿಕಾರಿಯ ಸಹಿಯ ಮೇಲೆಯೇ ಕೆಲಸ ಮುಗಿಸುತ್ತೇವೆ ಎಂದು ಹೇಳುವವರಿದ್ದಾರೆ. ಹೀಗೆಂದಾಗ ಅದು ಪಾಂಡವಪುರದ ಅಧಿಕಾರಿಯ ಸಹಿಯೋ, ಕಾಗದವನ್ನು ಉತ್ತರದ ಯಾವುದೋ ನಗರಕ್ಕೆ ಕಳುಹಿಸಿ ಅಲ್ಲಿನ ದಂಡಾಧಿಕಾರಿಯಿಂದ ಹಾಕಿಸುವ ಸಹಿಯೋ ಎಂದು ಕೇಳಿ ತಿಳಿಯಬೇಕು. ದಾಖಲೆ ಹುಟ್ಟಿದ ರಾಜ್ಯದ ದೃಢೀಕರಣವೇ ಬೇಕೆಂದು ಪಟ್ಟುಹಿಡಿಯುವ ದೇಶಗಳಿವೆ. ಮಾದರಿ ಸಹಿ ಸಚಿವಾಲಯದ ಬಳಿ ಇಲ್ಲದ ಅಧಿಕಾರಿ ಎಷ್ಟೇ ದೊಡ್ಡವರಾಗಿದ್ದರೂ ಆ ಸಹಿಯಿಂದ ಪ್ರಯೋಜನವಿಲ್ಲ.

ದೇಶದಿಂದ ದೇಶಕ್ಕೆ ಬೇಡಿಕೆ ಬೇರೆ. ಸೌದಿ ಅರೇಬಿಯಾ 2022ರ ಡಿಸೆಂಬರ್‌ನಲ್ಲಿ, ಕೆನಡಾ 2024ರ ಜನವರಿಯಲ್ಲಿ ಅಪೊಸ್ಟಿಲ್ ವ್ಯವಸ್ಥೆಗೆ ಬಂದವು. ಈ ದೇಶಗಳಿಗೆ ರಾಯಭಾರ ಕಚೇರಿಯ ಮುದ್ರೆಯೂ ಬೇಕೆಂದು ಯಾರಾದರೂ ಹಣ ಕೇಳಿದರೆ ಅದು ಹಳೆಯ ಮಾತು. ಯುಎಇ, ಕತಾರ್, ಕುವೈತ್ ಒಪ್ಪಂದದಲ್ಲಿಲ್ಲ. ಪತ್ನಿಯನ್ನು ದುಬೈಗೆ ಕರೆಸಿಕೊಳ್ಳಲು ಬೇಕಾಗುವ ವಿವಾಹ ಪ್ರಮಾಣಪತ್ರಕ್ಕೆ ಸಚಿವಾಲಯದ ಸಾಮಾನ್ಯ ದೃಢೀಕರಣ, ನಂತರ ಯುಎಇ ದೂತಾವಾಸದ ಮುದ್ರೆ, ಕೊನೆಗೆ ಅಲ್ಲಿನ ವಿದೇಶಾಂಗ ಇಲಾಖೆಯ ಮುದ್ರೆ ಹೀಗೆ ಹಳೆಯ ಸರಪಳಿಯೇ ಅನ್ವಯ. ಜರ್ಮನಿಯದು ವಿಚಿತ್ರ. ಅದೂ ಸದಸ್ಯ, ಭಾರತವೂ ಸದಸ್ಯ. ಆದರೆ ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪಣೆ ಸಲ್ಲಿಸಿದ್ದರಿಂದ ಇವೆರಡರ ನಡುವೆ ಒಪ್ಪಂದ ಜಾರಿಯಾಗಲಿಲ್ಲ. ಅಲ್ಲಿನ ವಿವಾಹ ಕಚೇರಿ ಭಾರತದ ದಾಖಲೆಯನ್ನು ಜರ್ಮನ್ ದೂತಾವಾಸದ ಮೂಲಕ ಸ್ಥಳದಲ್ಲೇ ವಿಚಾರಣೆಗೆ ಒಳಪಡಿಸಬಹುದು. ಅಪೊಸ್ಟಿಲ್ ಅಂಟಿಸಿಕೊಂಡು ಹೋದರೂ ಫಲವಿಲ್ಲ. ಇತ್ತ ಅಮೆರಿಕದ ವೀಸಾ ಕಚೇರಿ ಕೇಳುವುದು ವಿವಾಹ ಪ್ರಮಾಣಪತ್ರದ ಮೂಲಪ್ರತಿಯನ್ನೇ ಹೊರತು ಅಪೊಸ್ಟಿಲ್ ಅನ್ನಲ್ಲ. ಕೇಳದ ಮುದ್ರೆಗೆ ಹಣ ತೆತ್ತು ಬಂದವರು ಕಡಿಮೆಯಿಲ್ಲ. ಯಾವ ಕಾಗದಕ್ಕೆ ಯಾವ ಮುದ್ರೆ ಬೇಕೆಂಬುದನ್ನು ಮದುವೆ ನಡೆಸುವ ಕಚೇರಿಯಿಂದಲೇ ಬರವಣಿಗೆಯಲ್ಲಿ ತರಿಸಿಕೊಳ್ಳಬೇಕು.

ಲ್ಯಾಮಿನೇಷನ್ ಬಗ್ಗೆ ಒಂದು ಮಾತು. ಕಾಗದ ಹಾಳಾಗಬಾರದೆಂಬ ಕಾಳಜಿಯಿಂದ ಊರೂರಲ್ಲಿ ಅಂಕಪಟ್ಟಿಗಳಿಗೆ ಪ್ಲಾಸ್ಟಿಕ್ ಹೊದಿಸಲಾಗಿದೆ. ಅದರ ಮೇಲೆ ಮುದ್ರೆಯೂ ನಿಲ್ಲದು, ಚೀಟಿಯೂ ಅಂಟದು. ಹೊಸ ಪ್ರತಿ ತರಬೇಕು.

ವರನ ಕಾಗದಗಳನ್ನೂ ಕೇಳಿ

ಇಷ್ಟೆಲ್ಲ ಶ್ರಮ ಹೆಣ್ಣಿನ ಕಡೆಯವರದು ಎನ್ನುವಂತೆ ನಡೆದುಕೊಳ್ಳುವುದು ನಮ್ಮಲ್ಲಿ ರೂಢಿ. ಹೊರದೇಶದಲ್ಲಿ ನೆಲೆಸಿರುವ ವರನ ಪಾಸ್‌ಪೋರ್ಟ್, ವೀಸಾ, ವಿವಾಹ ಸ್ಥಿತಿಯ ದಾಖಲೆ ಕೇಳಲು ಬೀಗರಿಗೆ ಬೇಸರವಾದೀತೆಂಬ ಸಂಕೋಚ. ಈ ಸಂಕೋಚಕ್ಕೆ ತೆರುವ ಬೆಲೆ ದೊಡ್ಡದು. ವರ ಮೊದಲೇ ಮದುವೆಯಾಗಿ ಅಲ್ಲಿನ ನ್ಯಾಯಾಲಯದಲ್ಲಿ ವಿಚ್ಛೇದನ ಪಡೆದವನಾಗಿದ್ದರೆ ಆ ಡಿಕ್ರಿ ಭಾರತದಲ್ಲಿ ಊರ್ಜಿತವೇ ಎಂಬ ಪ್ರಶ್ನೆ ಏಳುತ್ತದೆ. ವೈ. ನರಸಿಂಹರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಇದಕ್ಕೆ ಉತ್ತರ ನೀಡಿದೆ. ದಂಪತಿ ಯಾವ ಕಾನೂನಿನಡಿ ಮದುವೆಯಾದರೋ ಆ ಕಾನೂನು ಒಪ್ಪದ ಕಾರಣಕ್ಕೆ, ಎದುರು ಪಕ್ಷ ಆ ನ್ಯಾಯಾಲಯಕ್ಕೆ ಸ್ವಇಚ್ಛೆಯಿಂದ ಒಳಪಡದಿರುವಾಗ, ವಿದೇಶಿ ನ್ಯಾಯಾಲಯ ನೀಡಿದ ವಿಚ್ಛೇದನವನ್ನು ಇಲ್ಲಿ ಮಾನ್ಯ ಮಾಡಲಾಗದು ಎಂಬುದು ಅದರ ಸಾರಾಂಶ. ಮೊದಲ ಮದುವೆ ಇಲ್ಲಿನ ಕಾನೂನಿನ ಕಣ್ಣಲ್ಲಿ ಉಳಿದೇ ಇದ್ದರೆ ಎರಡನೆಯದು ಅಸಿಂಧು. ಆ ಸ್ಥಿತಿಯಲ್ಲಿ ಸಿಲುಕುವವಳು ಎರಡನೆಯ ವಧು.

ಅನಿವಾಸಿ ಭಾರತೀಯರ ವಿವಾಹ ನೋಂದಣಿಯನ್ನು ಕಡ್ಡಾಯಗೊಳಿಸುವ ಮಸೂದೆಯೊಂದು 2019ರ ಫೆಬ್ರುವರಿಯಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಗಿತ್ತು. ಕಾಯ್ದೆಯಾಗಲಿಲ್ಲ. ಸದ್ಯಕ್ಕೆ ಹೆಣ್ಣು ಹೆತ್ತವರು ತಾವೇ ಕೇಳಿ ಪಡೆಯಬೇಕು. ಅಮೆರಿಕದಲ್ಲಿರುವ ವರನಾದರೆ ಆತನ ಅಫಿಡವಿಟ್‌ಗೆ ಅಲ್ಲಿನ ಆಯಾ ರಾಜ್ಯ ಸರ್ಕಾರವೇ ಅಪೊಸ್ಟಿಲ್ ನೀಡುತ್ತದೆ. ಮಗಳ ಕಾಗದಕ್ಕೆ ನಾಲ್ಕು ಕಚೇರಿ ಅಲೆಯುವವರು ಅಳಿಯನ ಕಾಗದಕ್ಕೆ ಒಂದು ಮಾತು ಕೇಳಿದರೆ ತಪ್ಪೇನಿದೆ?

ಕೊನೆಯದಾಗಿ ಕಾಲದ ಲೆಕ್ಕಾಚಾರ. ಎಲ್ಲ ಕಾಗದಗಳನ್ನೂ ಒಟ್ಟಿಗೆ ಮಾಡಿಸಿಬಿಡೋಣ ಎಂಬ ಉತ್ಸಾಹ ಇಲ್ಲಿ ಕೆಲಸಕ್ಕೆ ಬಾರದು. ಅವಿವಾಹಿತ ಸ್ಥಿತಿಯ ಪತ್ರವನ್ನು ಹಲವು ದೇಶಗಳು ಕೆಲವೇ ತಿಂಗಳ ಮಟ್ಟಿಗೆ ಮಾತ್ರ ಮಾನ್ಯ ಮಾಡುತ್ತವೆ. ಜನನ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಆ ತೊಂದರೆಯಿಲ್ಲ. ಆದುದರಿಂದ ಜನನ ನೋಂದಣಿಯ ಹುಡುಕಾಟ, ತಿದ್ದುಪಡಿ, ಪಾಂಡವಪುರದ ಆದೇಶ ಇವೆಲ್ಲ ಮಾತುಕತೆಯ ಹಂತದಲ್ಲೇ ಶುರುವಾಗಲಿ. ಅಫಿಡವಿಟ್ ಮಾತ್ರ ದಿನ ಗೊತ್ತಾದ ಮೇಲೆ. ಅಪೊಸ್ಟಿಲ್ ಚೀಟಿ ಕೈಗೆ ಬಂದ ದಿನವೇ ಅದರ ಮೇಲಿನ ಸಂಖ್ಯೆಯನ್ನು ಸಚಿವಾಲಯದ ಜಾಲತಾಣದಲ್ಲಿ ನಮೂದಿಸಿ, ಅದು ನಿಮ್ಮ ಕಾಗದಕ್ಕೇ ಸೇರಿದ್ದೆಂದು ಪರೀಕ್ಷಿಸಿಕೊಂಡು, ಆಮೇಲೆ ಲಕೋಟೆಗೆ ಹಾಕಿ.